ಮಗುವಿನ ಮೇಲ್ದವಡೆಯಲ್ಲಿ ಹಲ್ಲಿನ ಗಡ್ಡೆ: ಕಾಯಬಹುದೇ?

ಪ್ರಶ್ನೆ: ನಮ್ಮ ಮಗಳಿಗೆ 9 ವರ್ಷ. ಮುಂದಿನ ಮೇಲಿನ ಬಲಹಲ್ಲು ಬಂದು ವರ್ಷ ಕಳೆದರೂ ಪಕ್ಕದ ಎಡಹಲ್ಲು ಬಂದಿಲ್ಲ, ಅಲ್ಲಿ ಹಾಲುಹಲ್ಲೇ ನಿಂತಿದೆ. ಎಕ್ಸ್‌ರೇ ನೋಡಿದ ವೈದ್ಯರು ‘ಒಡಾಂಟೋಮ’ ಎಂಬ ಗಡ್ಡೆಯಿದೆ, ತೆಗೆಯಬೇಕು ಎಂದಿದ್ದಾರೆ. ಇದು ಕ್ಯಾನ್ಸರೇ? ಕೊಳವೆಬಾವಿಯ ಫ್ಲೋರೈಡ್ ನೀರೇ ಕಾರಣವೆಂದು ಊರಿನವರು ಹೇಳುತ್ತಾರೆ. ನೋವಿಲ್ಲದಿರುವಾಗ ಅವಳು ದೊಡ್ಡವಳಾಗುವವರೆಗೆ ಕಾಯಬಾರದೇ?
– ಓದುಗರೊಬ್ಬರು, ಪಾವಗಡ ತಾಲ್ಲೂಕು, ತುಮಕೂರು ಜಿಲ್ಲೆ

ಉತ್ತರ: ಒಡಾಂಟೋಮ ಕ್ಯಾನ್ಸರ್ ಅಲ್ಲ. ಎನಾಮೆಲ್, ಡೆಂಟಿನ್ ಮೊದಲಾದ ಹಲ್ಲಿನದೇ ಅಂಗಾಂಶಗಳು ದಾರಿ ತಪ್ಪಿ ಬೆಳೆದು ಆಗುವ ನಿರುಪದ್ರವಿ ಗಡ್ಡೆ ಅದು. ಮೇಲ್ದವಡೆಯ ಮುಂಭಾಗದಲ್ಲಿ ಇದು ಸಾಮಾನ್ಯವಾಗಿ ಪುಟ್ಟಪುಟ್ಟ ಹಲ್ಲುಗಳ ಗೊಂಚಲಾಗಿರುತ್ತದೆ. ಕೆಳದವಡೆಯ ಹಿಂಭಾಗದಲ್ಲಾದರೆ ಆಕಾರವಿಲ್ಲದ ಗಟ್ಟಿ ಮುದ್ದೆಯಾಗಿರುವುದೇ ಹೆಚ್ಚು. 2019ರಲ್ಲಿ ಚೆನ್ನೈಯಲ್ಲಿ 7 ವರ್ಷದ ಬಾಲಕನೊಬ್ಬನ ದವಡೆಯಿಂದ ತೆಗೆದ ಇಂಥದೇ ಗಡ್ಡೆಯಲ್ಲಿ 526 ಹಲ್ಲುಗಳಿದ್ದವು. ಅದು ತೀರಾ ಅಪರೂಪದ ಪ್ರಕರಣವಾದ್ದರಿಂದ ನೀವು ಹೆದರಬೇಕಿಲ್ಲ.

ಪಾವಗಡದ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದು ನಿಜವೇ ಆದರೂ ಅದು ಹಲ್ಲಿನ ಮೇಲೆ ಬಿಳಿ ಅಥವಾ ಕಂದು ಕಲೆ ಮೂಡಿಸುತ್ತದೆಯೇ ಹೊರತು ಈ ಗಡ್ಡೆಗೆ ಕಾರಣವಲ್ಲ. ಶುದ್ಧೀಕರಿಸಿದ ನೀರನ್ನು ಹೇಗೂ ಕುಡಿಸಿ.

ಕಾಯುವ ವಿಚಾರಕ್ಕೆ ಮಾತ್ರ ನನ್ನ ಒಪ್ಪಿಗೆಯಿಲ್ಲ. ಗಡ್ಡೆಯಿಂದ ನೋವಿಲ್ಲದಿದ್ದರೂ ಅದು ಶಾಶ್ವತ ಹಲ್ಲಿನ ದಾರಿಗೆ ಅಡ್ಡವಾಗಿ ಕುಳಿತಿದೆ, ತಾನಾಗಿ ಕರಗುವುದೂ ಇಲ್ಲ. ಮೇಲಿನ ಮುಂದಿನ ಹಲ್ಲು 7–8ನೇ ವರ್ಷದಲ್ಲಿ ಹೊರಬಂದು, ಅದರ ಬೇರು ಸುಮಾರು 10ನೇ ವರ್ಷಕ್ಕೆ ಪೂರ್ಣಗೊಳ್ಳುತ್ತದೆ. ಬೇರು ಇನ್ನೂ ಬೆಳೆಯುತ್ತಿರುವಾಗಲೇ ಅಡ್ಡಿ ತೆಗೆದರೆ ಹಲ್ಲು ತಾನಾಗಿ ಇಳಿದುಬರುವ ಸಾಧ್ಯತೆ ಹೆಚ್ಚು. ಬಾರದಿದ್ದರೆ ವಕ್ರದಂತ ತಜ್ಞರು ಅದಕ್ಕೊಂದು ಬ್ರಾಕೆಟ್ ಅಂಟಿಸಿ, ತಿಂಗಳುಗಟ್ಟಲೆ ನಿಧಾನವಾಗಿ ಎಳೆದು ಸಾಲಿಗೆ ತರುತ್ತಾರೆ. ಆದ್ದರಿಂದ ಮಕ್ಕಳ ದಂತವೈದ್ಯರೂ ದವಡೆಯ ಶಸ್ತ್ರಚಿಕಿತ್ಸಕರೂ ವಕ್ರದಂತ ತಜ್ಞರೂ ಒಂದೇ ಕಡೆ ಸಿಗುವ ದಂತವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗುವುದು ಲೇಸು, ತುಮಕೂರಿನಲ್ಲೇ ಅಂಥದೊಂದಿದೆ.

ಗಡ್ಡೆಯ ಸುತ್ತ ಪೊರೆಯಿರುವುದರಿಂದ ಸಾಮಾನ್ಯವಾಗಿ ಅದು ಸುಲಭವಾಗಿ ಬಿಡಿಸಿಕೊಳ್ಳುತ್ತದೆ, ಮರುಕಳಿಸುವುದು ವಿರಳ. ಚಿಕ್ಕದಾದರೆ ಒಸಡಿಗೆ ಅರಿವಳಿಕೆ ಕೊಟ್ಟು ತೆಗೆಯಬಹುದು. ಮಗು ಸಹಕರಿಸದಿದ್ದರೆ ಪೂರ್ಣ ಅರಿವಳಿಕೆ ಬೇಕಾದೀತು. ತೆಗೆದದ್ದನ್ನು ಬಯಾಪ್ಸಿಗೆ ಕಳುಹಿಸಲು ಮರೆಯದೆ ಕೇಳಿ. ಏಕೆಂದರೆ ಅಮೆಲೋಬ್ಲಾಸ್ಟಿಕ್ ಫೈಬ್ರೋಮದಂಥ ಇನ್ನೂ ಅಪರೂಪದ ಗಡ್ಡೆಗಳು ಮತ್ತೆ ಬರಬಹುದಾದ್ದರಿಂದ ಅವುಗಳಿಗೆ ವರ್ಷಗಳ ಕಾಲ ತಪಾಸಣೆ ಬೇಕಾಗುತ್ತದೆ. ಈ ನಡುವೆ ಊತ ಬೇಗ ಹೆಚ್ಚಿದರೆ, ಪಕ್ಕದ ಹಲ್ಲುಗಳು ಅಲುಗಾಡಿದರೆ ಅಥವಾ ತುಟಿ ಜೋಮು ಹಿಡಿದರೆ ನಿಗದಿತ ದಿನಕ್ಕೆ ಕಾಯದೆ ಕೂಡಲೇ ತೋರಿಸಿ.