ಪವರ್ ಆಮೇಲೆ, ಮೊದಲು ಬ್ರೇಕ್ ನೋಡಿ

ಪ್ರಶ್ನೆ: ಹದಿನೈದು ವರ್ಷ ಹಳೆಯ 1.3 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾರೊಂದನ್ನು ಕಡಿಮೆ ಬೆಲೆಗೆ ಕೊಂಡಿದ್ದೇನೆ. ಹವ್ಯಾಸಿಗಳ ಟ್ರ್ಯಾಕ್ ರೇಸಿಗೆ ಇಳಿಸುವ ಆಸೆ. ಕೈಯಲ್ಲಿ ದುಡ್ಡು ಜಾಸ್ತಿ ಇಲ್ಲ. ಏರ್ ಫಿಲ್ಟರ್, ಸೈಲೆನ್ಸರ್ ಬದಲಿಸಿ ಪವರ್ ಹೆಚ್ಚಿಸೋಣ ಅಂದುಕೊಂಡಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಸೈಲೆನ್ಸರ್ ದುಡ್ಡನ್ನು ಜೇಬಿನಲ್ಲೇ ಇಟ್ಟುಕೊಳ್ಳಿ. ಇಷ್ಟು ಚಿಕ್ಕ ಇಂಜಿನ್‌ಗೆ ಅದರಿಂದ ಸಿಗುವ ಪವರ್‌ಗಿಂತ ಸದ್ದೇ ಜಾಸ್ತಿ. ಕಾರು ಓಡುತ್ತದೆ, ಒಪ್ಪಿದೆ. ನಿಲ್ಲುತ್ತದಾ?

ಊರೊಳಗೆ ಓಡಿಸುವಾಗ ಒಮ್ಮೆ ಬ್ರೇಕ್ ಹಾಕಿದ ಮೇಲೆ ಅದು ತಣ್ಣಗಾಗಲು ಸಮಯ ಸಿಗುತ್ತದೆ. ಟ್ರ್ಯಾಕ್‌ನಲ್ಲಿ ಹಾಗಿಲ್ಲ, ಒಂದು ತಿರುವು ಮುಗಿಯುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ಬ್ರೇಕ್ ಆಯಿಲ್‌ಗೆ ಒಂದು ಕೆಟ್ಟ ಗುಣವಿದೆ: ಗಾಳಿಯಲ್ಲಿನ ತೇವವನ್ನು ಮೆಲ್ಲಗೆ ಹೀರಿಕೊಳ್ಳುತ್ತದೆ. ಡಾಟ್ 4 ಅನ್ನುವುದು ಬ್ರೇಕ್ ಆಯಿಲ್‌ನ ಒಂದು ದರ್ಜೆ. ಅದರ ಹೊಸ ಆಯಿಲ್ 230 ಡಿಗ್ರಿ ಸೆಲ್ಸಿಯಸ್‌ವರೆಗಾದರೂ ಕುದಿಯಬಾರದು ಅನ್ನುವುದು ನಿಯಮ. ತೇವ ಸೇರಿದ ಆಯಿಲ್‌ಗೆ ಅದೇ ನಿಯಮ ಕೇಳುವುದು 155 ಡಿಗ್ರಿ ಮಾತ್ರ. ನಿಮ್ಮ ಕಾರಿನಲ್ಲಿ ಎಷ್ಟು ವರ್ಷದ ಹಳೇ ಆಯಿಲ್ ಇದೆಯೋ ಯಾರಿಗೆ ಗೊತ್ತು! ಅದು ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆ ಏಳುತ್ತದೆ. ಒತ್ತಿದರೆ ಆಯಿಲ್ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ನೀವು ಪೆಡಲನ್ನು ನೆಲಕ್ಕೆ ಅಮುಕಿರುತ್ತೀರಿ, ಕಾರು ತನ್ನ ಪಾಡಿಗೆ ಹೋಗುತ್ತಲೇ ಇರುತ್ತದೆ.

ಪೆಡಲ್ ಗಟ್ಟಿಯಾಗಿಯೇ ಇದ್ದು ಕಾರು ನಿಲ್ಲದಿದ್ದರೆ ಅದು ಬೇರೆ ಕಾಯಿಲೆ. ಆಗ ಅತಿಯಾಗಿ ಕಾದಿರುವುದು ಪ್ಯಾಡ್, ಅಂದರೆ ಬ್ರೇಕ್ ಡಿಸ್ಕನ್ನು ಒತ್ತಿ ಹಿಡಿಯುವ ಬಿಲ್ಲೆ. ಹಾಗಾಗಿ ಮೊದಲ ಖರ್ಚು ಇಲ್ಲಿಗೆ: ಹಳೇ ಆಯಿಲನ್ನು ಪೂರ್ತಿ ಹೊರಹಾಕಿ ಹೊಸದು ತುಂಬಿಸಿ, ನಾಲ್ಕೂ ಚಕ್ರದ ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆಸಿ, ಜಾಸ್ತಿ ಬಿಸಿ ತಡೆಯುವ ಪ್ಯಾಡ್ ಹಾಕಿಸಿ. ರಬ್ಬರ್ ಹೋಸ್‌ಗಳನ್ನು ಬಗ್ಗಿಸಿ ನೋಡಿ, ಬಿರುಕು ಕಂಡರೆ ಬದಲಿಸಿ. ಟ್ರ್ಯಾಕ್‌ನಿಂದ ಹೊರಬರುವ ಮುಂಚೆ ಒಂದು ಸುತ್ತು ನಿಧಾನವಾಗಿ ಓಡಿಸಿ ಬ್ರೇಕ್ ಆರಲು ಬಿಡಿ. ನಿಲ್ಲಿಸಿದ ಕೂಡಲೇ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಗೇರ್‌ನಲ್ಲಿ ಬಿಡಿ.

ಆಮೇಲೆ ಟೈರು. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತವೆ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ಟೈರಿನ ಗೀರುಗಳು ಎಷ್ಟೇ ಆಳ ಉಳಿದಿದ್ದರೂ ಹಳೇ ರಬ್ಬರ್ ಗಟ್ಟಿಯಾಗಿ ಹಿಡಿತ ಬಿಡುತ್ತದೆ. ಇನ್ನು ಕಾರನ್ನು ಜಾಕ್ ಮೇಲೆ ಏರಿಸಿ, ಸ್ಟ್ಯಾಂಡ್ ಕೊಟ್ಟು, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಕಟ್‌ಕಟ್ ಅಂದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ಮೇಲೆ ಅನುಮಾನ. ಎಡ ಬಲ ಹಿಡಿದಾಗ ಅಲ್ಲಾಡಿದರೆ ಸ್ಟೀರಿಂಗ್ ಕಡೆಯ ಟೈ ರಾಡ್ ನೋಡಿ.

ಇಂಜಿನ್‌ಗೆ ಬೇಕಾಗಿರುವುದು ಆರೋಗ್ಯ, ಪವರ್ ಅಲ್ಲ. ಕಂಪ್ರೆಷನ್ ಟೆಸ್ಟ್ ಮಾಡಿಸಿ, ಸಿಲಿಂಡರ್‌ಗಳಲ್ಲಿ ಒತ್ತಡ ಸರಿಯಾಗಿದೆಯಾ ಅಂತ ಗೊತ್ತಾಗುತ್ತದೆ. ಇಂಜಿನ್ ಆಯಿಲ್ ಡಿಪ್‌ಸ್ಟಿಕ್‌ನ (ಮಟ್ಟ ನೋಡುವ ಕಡ್ಡಿ) ಮೇಲಿನ ಗೆರೆ ಮುಟ್ಟಿರಲಿ. ಉದ್ದ ತಿರುವಿನಲ್ಲಿ ಆಯಿಲ್ ಒಂದು ಪಕ್ಕಕ್ಕೆ ಸರಿದು ಪಂಪಿಗೆ ಸಿಗದೇ ಹೋದರೆ ಇಂಜಿನ್ ಒಳಗಿನ ಬೇರಿಂಗ್‌ಗಳ ಕಥೆ ಮುಗಿದಂತೆ.

ಅಂದ ಹಾಗೆ, ರೇಸ್ ದಿನ ಕಾರುಗಳನ್ನು ತಪಾಸಣೆ ಮಾಡುವವನು ನಾನು. ಎದ್ದು ಕಾಣುವ ಇಂಜಿನ್ ಕೆಲಸ ಮಾಡಿಸಿ, ಬ್ಯಾಟರಿಯನ್ನು ಮಾತ್ರ ಹಗ್ಗದಲ್ಲಿ ಕಟ್ಟಿಕೊಂಡು ಬರುತ್ತಾರೆ! ವಾಪಸ್ ಕಳಿಸಿದರೆ ನನ್ನ ಮೇಲೆ ಕೋಪ. ಬ್ಯಾಟರಿಗೆ ಕ್ಲ್ಯಾಂಪ್ ಹಾಕಿ. ವೀಲ್ ನಟ್‌ಗಳನ್ನು ಟಾರ್ಕ್ ವ್ರೆಂಚ್‌ನಲ್ಲೇ (ಎಷ್ಟು ಬಿಗಿಯಾಯಿತು ಅಂತ ಅಳೆಯುವ ಸ್ಪ್ಯಾನರ್) ಬಿಗಿ ಮಾಡಿ. ಸೀಟಿನ ಕೆಳಗೆ ನೀರಿನ ಬಾಟಲಿ ಬಿಡಬೇಡಿ, ಉರುಳಿ ಬ್ರೇಕ್ ಪೆಡಲ್ ಕೆಳಗೆ ಸಿಕ್ಕಿಕೊಂಡರೆ ಮುಗಿಯಿತು. ಏನೇ ಕೊಳ್ಳುವ ಮುಂಚೆ ಆಯೋಜಕರ ನಿಯಮ ಪುಸ್ತಕ ಓದಿ. ಕೆಲವು ಕಡೆ ಟೈರ್ ಬದಲಾದರೂ ನೀವು ಇನ್ನೂ ವೇಗದ ಕಾರುಗಳಿರುವ ಮೇಲಿನ ಕ್ಲಾಸಿಗೆ ಹೋಗುತ್ತೀರಿ, ಅಲ್ಲಿ ನಿಮ್ಮ ಕಾರು ಕೊನೆಯಲ್ಲೇ.

ಪ್ರಶ್ನೆ: ತೂಕ ಇಳಿಸಲು ಏನೇನು ಕಿತ್ತು ಹಾಕಬಹುದು? ಸೀಟ್ ಬೆಲ್ಟ್ ತೆಗೆದು ಎರಡೂ ಭುಜ, ಸೊಂಟ ಬಿಗಿಯುವ ರೇಸ್ ಹಾರ್ನೆಸ್ ಹಾಕಲಾ?

ಉತ್ತರ: ಸ್ಟೆಪ್ನಿ, ಜಾಕ್, ಹಿಂದಿನ ಸೀಟು, ನೆಲಹಾಸು, ಡಿಕ್ಕಿಯ ಸಾಮಾನು. ಬಿಟ್ಟಿಯಾಗಿ ಸಿಗುವ ವೇಗ ಇದೊಂದೇ. ಏರ್‌ಬ್ಯಾಗ್ ವೈರಿಂಗ್‌ಗೆ ನೀವಾಗಿಯೇ ಕೈ ಹಾಕಬೇಡಿ. ಹಾರ್ನೆಸ್ ಒಂದೇ ಕೊಂಡರೆ ಪ್ರಯೋಜನವಿಲ್ಲ, ಅಪಾಯವೇ. ಅದು ನಿಮ್ಮನ್ನು ನೆಟ್ಟಗೆ ಕೂರಿಸಿ ಬಿಗಿದಿರುತ್ತದೆ. ಕಾರು ಮಗುಚಿ ಛಾವಣಿ ಕುಸಿದರೆ ಪಕ್ಕಕ್ಕೆ ಬಾಗಲೂ ಆಗುವುದಿಲ್ಲ. ರೋಲ್ ಕೇಜ್ (ಛಾವಣಿ ಕುಸಿಯದಂತೆ ಕಾರಿನೊಳಗೆ ಹಾಕುವ ಕಂಬಿಗಳ ಚೌಕಟ್ಟು), ರೇಸ್ ಸೀಟು, ಹಾರ್ನೆಸ್ ಮೂರೂ ಒಟ್ಟಿಗೆ ಬರಬೇಕು. ಅಲ್ಲಿಯವರೆಗೆ ಕಂಪನಿ ಕೊಟ್ಟ ಬೆಲ್ಟೇ ಇರಲಿ, ಆಯೋಜಕರು ಒಪ್ಪುವ ಕ್ಲಾಸಿನಲ್ಲಿ ಓಡಿಸಿ. ಕೇಜ್ ಇರುವ ಕಾರನ್ನು ಹೆಲ್ಮೆಟ್ ಇಲ್ಲದೆ ರಸ್ತೆಯಲ್ಲಿ ಓಡಿಸಬೇಡಿ, ಸಣ್ಣ ಗುದ್ದಿಗೂ ತಲೆ ಕಂಬಿಗೆ ಬಡಿಯುತ್ತದೆ.

ಪ್ರಶ್ನೆ: ಬೈಕ್ ಹೆಲ್ಮೆಟ್ ನಡೆಯುತ್ತಾ?

ಉತ್ತರ: ಸುಮ್ನೆ ಅಭ್ಯಾಸದ ಸುತ್ತುಗಳಿಗೆ ಕೆಲವರು ಬಿಡುತ್ತಾರೆ. ಸ್ನೆಲ್ ಅನ್ನುವುದು ಹೆಲ್ಮೆಟ್ ಪರೀಕ್ಷಿಸಿ ಗುರುತು ಕೊಡುವ ಸಂಸ್ಥೆ. ರೇಸಿಗೆ ಅದರ ಎಸ್‌ಎ ಗುರುತಿನ ಹೆಲ್ಮೆಟ್ ಕೊಳ್ಳಿ. ಆ ಹೆಲ್ಮೆಟ್‌ನ ಒಳಪದರ ಬೆಂಕಿ ತಡೆಯುತ್ತದೆ, ಕೇಜ್ ಕಂಬಿಗೆ ಬಡಿದರೆ ಏನಾಗುತ್ತದೆ ಅನ್ನುವುದನ್ನೂ ಪರೀಕ್ಷಿಸಿರುತ್ತಾರೆ. ಬೈಕಿನ ಎಂ ಗುರುತಿನದಕ್ಕೆ ಈ ಎರಡು ಪರೀಕ್ಷೆ ಇರುವುದಿಲ್ಲ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಿ, ಸೆಕೆಂಡ್ ಹ್ಯಾಂಡ್ ಹೆಲ್ಮೆಟ್ ಬೇಡ.