ಎಸ್ಸೆಮ್ಮೆಸ್‌ನಲ್ಲಿ ಕನ್ನಡಕ್ಕೆ ಜಾಗ ಕಡಿಮೆಯೇಕೆ?

ಪ್ರಶ್ನೆ: ನಮ್ಮ ಸಂಘದ ಸದಸ್ಯರಿಗೆ ಸಭೆಯ ಸೂಚನೆಗಳನ್ನು ಎಸ್ಸೆಮ್ಮೆಸ್ ಮೂಲಕ ಕಳುಹಿಸುವ ಹೊಣೆ ನನ್ನದು. ಇಂಗ್ಲಿಷಿನಲ್ಲಿ 150 ಅಕ್ಷರ ಬರೆದರೂ ಒಂದೇ ಸಂದೇಶವಾಗಿ ಹೋಗುತ್ತದೆ. ಕನ್ನಡದಲ್ಲಿ ಎಣಿಸಿ 45 ಅಕ್ಷರ ಬರೆದರೆ ಫೋನು ಎರಡು ಸಂದೇಶವೆಂದು ತೋರಿಸುತ್ತದೆ. ಮೊನ್ನೆ ಕಂಪ್ಯೂಟರಿನಲ್ಲಿ ಸಿದ್ಧಪಡಿಸಿದ್ದ, 150 ಅಕ್ಷರದ್ದೇ ಆದ ಇಂಗ್ಲಿಷ್ ಸೂಚನೆಯನ್ನು ನಕಲು ಮಾಡಿ ಅಂಟಿಸಿದಾಗ ಅದು ಮೂರಾಯಿತು. ಲೆಕ್ಕ ಎಲ್ಲಿ ತಪ್ಪುತ್ತಿದೆ?

ಉತ್ತರ: ನಿಮ್ಮ ಎಣಿಕೆಯಲ್ಲಿ ತಪ್ಪಿಲ್ಲ, ಆದರೆ ಫೋನು ಎಣಿಸುತ್ತಿರುವುದು ನೀವು ಎಣಿಸುತ್ತಿರುವ ಅಕ್ಷರಗಳನ್ನಲ್ಲ. ಎಸ್ಸೆಮ್ಮೆಸ್‌ಗೆ ಇರುವುದು ಅಕ್ಷರಗಳ ಮಿತಿಯಲ್ಲ, ಜಾಗದ ಮಿತಿ. ಮೊಬೈಲ್ ಜಾಲವು ಕರೆಗಳನ್ನು ಜೋಡಿಸುವುದಕ್ಕೆಂದು ಇಟ್ಟುಕೊಂಡಿರುವ ಸಂಕೇತ ವಾಹಿನಿಯಲ್ಲೇ ಈ ಸಂದೇಶಗಳನ್ನೂ ಸಾಗಿಸುವಂತೆ ಮೊದಲಿನಿಂದ ಯೋಜಿಸಿದ್ದರಿಂದ, ಒಂದು ಸಂದೇಶದ ಪಠ್ಯಕ್ಕೆ ಸಿಕ್ಕಿದ್ದು 140 ಬೈಟ್, ಅಂದರೆ 1120 ಬಿಟ್ (0 ಅಥವಾ 1 ಹಿಡಿಸುವ ಅತಿ ಚಿಕ್ಕ ಜಾಗ) ಮಾತ್ರ. ಪ್ರತಿ ಅಕ್ಷರಕ್ಕೆ 7 ಬಿಟ್ ಸಾಕು ಎಂದಾದರೆ ಇದರಲ್ಲಿ 160 ಅಕ್ಷರ ಹಿಡಿಸುತ್ತವೆ. ಜರ್ಮನಿಯ ಇಂಜಿನಿಯರ್ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್ 1985ರ ಸುಮಾರಿಗೆ ಬೆರಳಚ್ಚು ಯಂತ್ರದಲ್ಲಿ ಮನಸ್ಸಿಗೆ ತೋಚಿದ ವಾಕ್ಯಗಳನ್ನು ಬರೆದು ಎಣಿಸಿ, ಅಂಚೆ ಕಾರ್ಡುಗಳಲ್ಲಿ ಜನ ಎಷ್ಟು ಬರೆಯುತ್ತಾರೆಂಬುದನ್ನೂ ಗಮನಿಸಿ, ಹೇಳಬೇಕಾದ ಮಾತಿಗೆ 160 ಸಾಕೆಂದು ತೀರ್ಮಾನಿಸಿದರು. ಅವರ ಕಾರ್ಡುಗಳಲ್ಲಿ ಒತ್ತಕ್ಷರಗಳು ಇರಲಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

7 ಬಿಟ್‌ಗಳಿಂದ ಗುರುತಿಸಬಹುದಾದದ್ದು 128 ಚಿಹ್ನೆಗಳನ್ನು. ರೋಮನ್ ಅಕ್ಷರಗಳು, ಅಂಕಿಗಳು, ಸಾಮಾನ್ಯ ವಿರಾಮ ಚಿಹ್ನೆಗಳು, ಯುರೋಪಿನ ಕೆಲವು ಭಾಷೆಗಳ ವಿಶೇಷ ಅಕ್ಷರಗಳು, ಕೆಲವು ಗ್ರೀಕ್ ದೊಡ್ಡಕ್ಷರಗಳು: ಇಷ್ಟಕ್ಕೆ ಆ ಪಟ್ಟಿ ತುಂಬಿಹೋಗುತ್ತದೆ. ಚೌಕ ಆವರಣ, ಹೂವಿನ ಆವರಣ, ಯೂರೋ ಚಿಹ್ನೆಯಂಥ ಕೆಲವನ್ನು ಅನುಬಂಧ ಪಟ್ಟಿಗೆ ಸೇರಿಸಿರುವುದರಿಂದ ಅವು ತಲಾ ಎರಡು ಸ್ಥಾನ ತಿನ್ನುತ್ತವೆ. ಕನ್ನಡ ಈ ಎರಡರಲ್ಲಿಯೂ ಇಲ್ಲ. ಆದ್ದರಿಂದ ಕನ್ನಡದ ಸಂದೇಶವನ್ನು ಫೋನು, ಜಗತ್ತಿನ ಬಹುತೇಕ ಲಿಪಿಗಳಿರುವ ದೊಡ್ಡ ಪಟ್ಟಿಯಾದ ಯೂನಿಕೋಡ್‌ಗೆ ಬದಲಾಯಿಸಿ, ಪ್ರತಿ ಚಿಹ್ನೆಗೆ 16 ಬಿಟ್ ಕೊಡುತ್ತದೆ. 1120ನ್ನು 16ರಿಂದ ಭಾಗಿಸಿದರೆ ಬರುವುದು 70.

ಆದರೆ ನೀವು 70ಕ್ಕಿಂತ ಬಹಳ ಕಡಿಮೆ, ಬರೀ 45 ಅಕ್ಷರ ಬರೆದಿದ್ದಿರಿ. ಇಲ್ಲಿಯೇ ನಮ್ಮ ಲಿಪಿಯ ಸ್ವಭಾವ ಲೆಕ್ಕಕ್ಕೆ ಬರುತ್ತದೆ. ನಾವು ಒಂದು ಅಕ್ಷರವೆಂದು ಓದುವುದನ್ನು ಯೂನಿಕೋಡ್ ವ್ಯಂಜನ, ಗುಣಿತ ಚಿಹ್ನೆ, ಹಲಂತ (ವ್ಯಂಜನಕ್ಕೆ ಸ್ವರವಿಲ್ಲವೆಂದು ತಿಳಿಸುವ) ಚಿಹ್ನೆ ಎಂದು ಬಿಡಿಸಿ ಇಡುತ್ತದೆ. ‘ಕಾ’ ಎಂಬುದು ಎರಡು ಸ್ಥಾನ. ‘ಕ್ಷ’ ಮೂರು ಸ್ಥಾನ, ಏಕೆಂದರೆ ನಡುವೆ ಕಣ್ಣಿಗೆ ಕಾಣದ ಹಲಂತವೊಂದು ಇದೆ. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಆರು ಸ್ಥಾನ ಬೇಕು. ‘ನಾಳಿನ ಸಭೆಗೆ ತಪ್ಪದೆ ಬನ್ನಿ’ ಎಂಬ ವಾಕ್ಯದಲ್ಲಿ ನಮ್ಮ ಕಣ್ಣಿಗೆ ಕಾಣುವುದು ಹನ್ನೊಂದು ಅಕ್ಷರ. ನಡುವಿನ ಮೂರು ಖಾಲಿ ಜಾಗಗಳನ್ನೂ ಸೇರಿಸಿ ಫೋನು ಎಣಿಸುವುದು 24. ನಿಮ್ಮ 45 ಅಕ್ಷರಗಳು ಇದೇ ರೀತಿಯಲ್ಲಿ 90ರ ಆಸುಪಾಸಿಗೆ ಹೋಗಿ 70ನ್ನು ದಾಟಿರುತ್ತವೆ. ಇನ್ನೂ ಒಂದು ಸೂಕ್ಷ್ಮವಿದೆ: ‘ಕೋ’ದಲ್ಲಿರುವ ದೀರ್ಘ ಓತ್ವವನ್ನು ಒಂದೇ ಚಿಹ್ನೆಯಾಗಿ ಇಡಬಹುದು, ಮೂರು ಚೂರುಗಳಾಗಿಯೂ ಇಡಬಹುದು. ತೆರೆಯ ಮೇಲೆ ಎರಡೂ ಒಂದೇ ತೆರನಾಗಿ ಕಂಡರೂ ಎಣಿಕೆ ಬೇರೆಯಾಗುತ್ತದೆ.

ಇನ್ನು ಮೂರಾಗಿಹೋದ ಇಂಗ್ಲಿಷ್ ಸೂಚನೆ. ಕಂಪ್ಯೂಟರಿನ ಬರವಣಿಗೆ ತಂತ್ರಾಂಶಗಳು ನೇರವಾದ ಉದ್ಧರಣ ಚಿಹ್ನೆಯನ್ನು ಕೇಳದೆಯೇ ಬಾಗಿದ ಚಿಹ್ನೆಯಾಗಿ, ಚಿಕ್ಕ ಗೀಟನ್ನು ಉದ್ದ ಗೀಟಾಗಿ ತಿದ್ದುತ್ತವೆ. ನೋಡಲು ಚೆಂದವಾದ ಇವೆರಡೂ 128ರ ಪಟ್ಟಿಯಲ್ಲಿ ಇಲ್ಲ. ಒಂದೇ ಸಂದೇಶದೊಳಗೆ ಕೆಲವು ಅಕ್ಷರಗಳಿಗೆ 7 ಬಿಟ್, ಕೆಲವಕ್ಕೆ 16 ಬಿಟ್ ಎಂಬ ಏರ್ಪಾಡು ಇಲ್ಲದ ಕಾರಣ, ಹೊರಗಿನ ಒಂದು ಚಿಹ್ನೆ ನುಸುಳಿದರೂ ಇಡೀ ಸಂದೇಶ 16 ಬಿಟ್‌ಗೆ ಹೊರಳುತ್ತದೆ. ನಿಮ್ಮ ಸೂಚನೆಯಲ್ಲಿ ಆಗಿರುವುದೂ ಬಹುಮಟ್ಟಿಗೆ ಇದೇ. ಎಮೋಜಿ ಹಾಕಿದರೂ ಇದೇ ಫಲ, ಅದರ ಮೇಲೆ ಎಮೋಜಿಯೊಂದು ಸಾಮಾನ್ಯವಾಗಿ ಎರಡು ಸ್ಥಾನವನ್ನಾದರೂ ಹಿಡಿಯುತ್ತದೆ.

70ರಂತೆ ಲೆಕ್ಕ ಹಾಕಿದರೂ ಎರಡು ಸಂದೇಶಕ್ಕೆ 140 ಸಿಗುವುದಿಲ್ಲ. ಉದ್ದ ಸಂದೇಶವನ್ನು ತುಂಡು ಮಾಡಿದಾಗ, ಇದು ಯಾವ ಸಂದೇಶದ ತುಂಡು, ಒಟ್ಟು ಎಷ್ಟು, ಇದು ಎಷ್ಟನೆಯದು ಎಂಬ ವಿವರವನ್ನು ಪ್ರತಿ ತುಂಡಿನ ತಲೆಯಲ್ಲಿ ಬರೆಯಬೇಕು. ಅದಕ್ಕೆ ಸಾಮಾನ್ಯವಾಗಿ 6 ಬೈಟ್ ಹೋಗುತ್ತದೆ. ಉಳಿದ ಜಾಗದಲ್ಲಿ 7 ಬಿಟ್‌ನ ಬರಹವಾದರೆ ತುಂಡಿಗೆ 153, ಕನ್ನಡವಾದರೆ 67 ಸ್ಥಾನ. ಎರಡು ತುಂಡಿಗೆ 134 ಆಯಿತು. ನಿಮ್ಮ 150 ಅಕ್ಷರ ಮೂರನೆಯದಕ್ಕೆ ಚಾಚಿಕೊಂಡದ್ದು ಹೀಗೆ.

ಕನ್ನಡಕ್ಕೂ 7 ಬಿಟ್‌ನ ಪಟ್ಟಿಯೊಂದನ್ನು ಮೊಬೈಲ್ ಮಾನಕಗಳಲ್ಲಿ ಮುಂದೆ ಸೇರಿಸಲಾಗಿದೆ. ಇದನ್ನು ಬಳಸಿದರೆ ಒಂದು ಸಂದೇಶದಲ್ಲಿ 155ರವರೆಗೆ ಚಿಹ್ನೆಗಳನ್ನು ಹಿಡಿಸಲು ಸಾಧ್ಯ. ಆದರೆ ಕಳುಹಿಸುವ ಫೋನಿಗೂ ಪಡೆಯುವ ಫೋನಿಗೂ ಅದು ತಿಳಿದಿರಬೇಕು, ಎಲ್ಲ ಸದಸ್ಯರ ಕೈಯಲ್ಲೂ ಅಂಥದೇ ಫೋನು ಇದೆಯೆಂದು ನೀವು ಹೇಳಲಾರಿರಿ. ಹಾಗಾಗಿ 70 ಮತ್ತು 67ರ ಲೆಕ್ಕವನ್ನೇ ಹಿಡಿದು ಬರೆಯಿರಿ. ಇಂಗ್ಲಿಷ್ ಸೂಚನೆಗಳನ್ನು ಅಂಟಿಸಿದ ಮೇಲೆ ಉದ್ಧರಣ ಚಿಹ್ನೆಗಳನ್ನೂ ಗೀಟುಗಳನ್ನೂ ಫೋನಿನ ಕೀಲಿಮಣೆಯಿಂದಲೇ ಮತ್ತೊಮ್ಮೆ ಒತ್ತಿರಿ. ಕನ್ನಡವನ್ನು ರೋಮನ್ ಲಿಪಿಯಲ್ಲಿ ಬರೆದು ಜಾಗ ಉಳಿಸಬಹುದೆಂದು ಕೆಲವರು ಸೂಚಿಸುತ್ತಾರೆ. ಓದುವವರಿಗೆ ಆಗುವ ಕಷ್ಟವನ್ನು ನೋಡಿದರೆ, ಎರಡನೆಯ ತುಂಡು ಹೋದರೂ ಚಿಂತೆಯಿಲ್ಲ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ನನಗೆ ಬರುವ ಕೆಲವು ಕನ್ನಡ ಸಂದೇಶಗಳಲ್ಲಿ ಬರೀ ಚೌಕಗಳು, ಇನ್ನು ಕೆಲವುಗಳಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಕಾಣುತ್ತವೆ. ಎರಡಕ್ಕೂ ಕಾರಣ ಒಂದೆಯೇ?

ಉತ್ತರ: ಸಾಮಾನ್ಯವಾಗಿ ಅಲ್ಲ. ಚೌಕ ಕಂಡರೆ ಅಕ್ಷರ ಸರಿಯಾಗಿಯೇ ಬಂದು ತಲುಪಿದೆ, ಅದನ್ನು ಬಿಡಿಸಿ ತೋರಿಸುವ ಅಕ್ಷರಶೈಲಿ ನಿಮ್ಮ ಫೋನಿನಲ್ಲಿ ಇಲ್ಲ ಎಂದು ಅರ್ಥ. ಕನ್ನಡವಿರುವ ಇನ್ನೊಂದು ಫೋನಿಗೆ ಅದನ್ನೇ ರವಾನಿಸಿದರೆ ಓದಲು ಬರುತ್ತದೆ. ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ, ದಾರಿಯಲ್ಲಿ ಯಾವುದೋ ತಂತ್ರಾಂಶ ಕನ್ನಡವನ್ನು ಆ 128ರ ಪಟ್ಟಿಗೋ ಅಂಥದೇ ಇನ್ನೊಂದಕ್ಕೋ ತುರುಕಲು ಹೋಗಿ, ಹೊಂದದ ಪ್ರತಿಯೊಂದರ ಜಾಗದಲ್ಲಿ ಪ್ರಶ್ನಾರ್ಥಕವನ್ನು ಇಟ್ಟಿದೆ. ಮೂಲ ಅಕ್ಷರ ಅಲ್ಲಿಗೇ ಅಳಿದುಹೋಗಿರುವುದರಿಂದ ನೀವು ಯಾವ ಫೋನು ಬದಲಿಸಿದರೂ ಅದು ಮರಳಿ ಬಾರದು. ಕಳುಹಿಸಿದವರು ಒಟ್ಟಾಗಿ ಅನೇಕರಿಗೆ ಸಂದೇಶ ರವಾನಿಸುವ ಸೇವೆಯನ್ನು ಬಳಸಿದ್ದರೆ, ಅದರಲ್ಲಿ ಯೂನಿಕೋಡ್ ಎಂಬ ಆಯ್ಕೆಯನ್ನು ಒತ್ತಿ ಮತ್ತೆ ಕಳುಹಿಸಲು ಅವರಿಗೆ ತಿಳಿಸಿರಿ.