‘ಹೋಗಿದ್ದೇನೆ’ ಎಂದಾಗಲೆಲ್ಲ ‘ಹ್ಯಾವ್’ ಬಾರದು

ಮಾನ್ಯರೇ,

ವಿರಾಜಪೇಟೆ ತಾಲ್ಲೂಕಿನ ಕಾಫಿ ತೋಟವೊಂದರಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಆಗಿರುವ ನೀವು ಬರೆದ ಪತ್ರ ತಲುಪಿದೆ. ಹತ್ತನೆಯ ತರಗತಿಯಲ್ಲಿ ಓದುತ್ತಿರುವ ನಿಮ್ಮ ಮಗಳು ‘ಐ ಹ್ಯಾವ್ ವಿಸಿಟೆಡ್ ತಲಕಾವೇರಿ ಲಾಸ್ಟ್ ಅಕ್ಟೋಬರ್’ ಎಂದು ಬರೆದದ್ದಕ್ಕೆ ಅಧ್ಯಾಪಕರು ಕೆಂಪು ಗೆರೆ ಎಳೆದರೆಂದೂ, ‘ಹೋದ ಅಕ್ಟೋಬರಿನಲ್ಲಿ ತಲಕಾವೇರಿಗೆ ಹೋಗಿದ್ದೇನೆ’ ಎಂಬ ಕನ್ನಡ ವಾಕ್ಯದಲ್ಲಿ ಕಾಣದ ತಪ್ಪು ಇಂಗ್ಲಿಷಿನಲ್ಲಿ ಎಲ್ಲಿಂದ ಬಂತೆಂದೂ ಕೇಳಿದ್ದೀರಿ. ‘ಹ್ಯಾವ್ ವಿಸಿಟೆಡ್’ನಂಥ ಪ್ರೆಸೆಂಟ್ ಪರ್ಫೆಕ್ಟ್ ರೂಪವೆಂದರೆ ‘ಈಗಷ್ಟೇ ಮುಗಿದ ಕ್ರಿಯೆ’ ಎಂದು ಮಗಳು ಬಾಯಿಪಾಠ ಮಾಡಿರುವಾಗ, ಇಪ್ಪತ್ತು ವರ್ಷಗಳ ಹಿಂದೆ ಓದಿದ ಪುಸ್ತಕಕ್ಕೂ ‘ಐ ಹ್ಯಾವ್ ರೆಡ್ ಇಟ್’ ಎನ್ನುವುದು ಹೇಗೆ ಸರಿ ಎಂಬುದು ನಿಮ್ಮ ಎರಡನೆಯ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಈ ಎರಡನೆಯದರಲ್ಲಿಯೇ ಇರುವುದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

‘ಈಗಷ್ಟೇ ಮುಗಿದ ಕ್ರಿಯೆ’ ಎಂಬ ವಿವರಣೆ ಸುಳ್ಳಲ್ಲ, ಆದರೆ ಅದು ಈ ಕಾಲರೂಪದ ಒಂದು ಮೂಲೆಯನ್ನು ಮಾತ್ರ ತೋರಿಸುತ್ತದೆ. ‘ಜಸ್ಟ್’ ಸೇರಿಸಿ ‘ದಿ ಬಸ್ ಹ್ಯಾಸ್ ಜಸ್ಟ್ ಲೆಫ್ಟ್’ ಎಂದಾಗ ಅದು ಹೊಂದುತ್ತದೆ; ಉಳಿದ ಕಡೆ ಮಕ್ಕಳನ್ನು ದಾರಿ ತಪ್ಪಿಸುತ್ತದೆ. ಕೆಲಸ ಮುಗಿದು ಎಷ್ಟು ಹೊತ್ತಾಯಿತು ಎಂಬುದನ್ನು ಇಂಗ್ಲಿಷ್ ಇಲ್ಲಿ ಲೆಕ್ಕಿಸುವುದೇ ಇಲ್ಲ. ಮಾತನಾಡುವವನು ಹೇಳುತ್ತಿರುವ ಕಾಲಾವಧಿ ಈ ಗಳಿಗೆಯನ್ನು ಮುಟ್ಟುತ್ತದೆಯೋ, ಇಲ್ಲವೇ ಹಿಂದೆಯೇ ಮುಚ್ಚಿಹೋಗಿದೆಯೋ ಎಂಬುದನ್ನಷ್ಟೇ ಅದು ನೋಡುತ್ತದೆ.

ಇದಕ್ಕೆ ನಿಮ್ಮ ಮೇಜಿನ ಮೇಲಿರುವ ಮಳೆ ಲೆಕ್ಕದ ಪುಸ್ತಕಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುತ್ತಿಲ್ಲ. ಕೊಡಗಿನ ತೋಟಗಳಲ್ಲಿ ಪ್ರತಿದಿನ ಇಂಚು ಮತ್ತು ಅದರ ನೂರನೆಯ ಒಂದು ಪಾಲಾದ ಸೆಂಟುಗಳಲ್ಲಿ ಮಳೆಯನ್ನು ಬರೆದಿಡುವ ವಾಡಿಕೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆಗಸ್ಟ್ ತಿಂಗಳಲ್ಲಿ ಯಾರಾದರೂ ಈ ವರ್ಷದ ಮಳೆಯ ಬಗ್ಗೆ ಕೇಳಿದರೆ, ಲೆಕ್ಕ ಇನ್ನೂ ತೆರೆದಿರುವುದರಿಂದ, ‘ವಿ ಹ್ಯಾವ್ ಹ್ಯಾಡ್ 60 ಇಂಚಸ್ ದಿಸ್ ಇಯರ್’ ಎನ್ನಬೇಕು. ಹೋದ ವರ್ಷದ್ದನ್ನು ಕೇಳಿದರೆ, ಆ ಲೆಕ್ಕ ಡಿಸೆಂಬರ್ 31ಕ್ಕೆ ಮುಚ್ಚಿರುವುದರಿಂದ, ‘ವಿ ಹ್ಯಾಡ್ 90 ಇಂಚಸ್ ಲಾಸ್ಟ್ ಇಯರ್’ ಎನ್ನಬೇಕು. ಈ ವರ್ಷದ ಅರವತ್ತು ಇಂಚಿನಲ್ಲಿ ಕಾಫಿ ಗಿಡ ಹೂಬಿಡಲು ಬೇಕಾದ ಮಾರ್ಚ್ ತಿಂಗಳ ಹೂ ಮಳೆಯೂ ಸೇರಿದೆ. ಅದು ಬಿದ್ದು ಐದು ತಿಂಗಳಾಗಿದ್ದರೂ ‘ಹ್ಯಾವ್’ ಬಿಟ್ಟುಹೋಗುವುದಿಲ್ಲ. ಹಾಗೆಯೇ ಮನುಷ್ಯನ ಆಯುಷ್ಯವೂ ಮುಚ್ಚದ ಪುಸ್ತಕ. ಅದರಲ್ಲಿ ಎಂದೋ ಓದಿದ ಪುಸ್ತಕಕ್ಕೆ, ದಿನಾಂಕ ಹೇಳದೆ, ‘ಐ ಹ್ಯಾವ್ ರೆಡ್ ಇಟ್’ ಎನ್ನುವುದು ಈ ಕಾರಣದಿಂದಲೇ ಸರಿ. ನಿಮ್ಮ ಮಗಳ ವಾಕ್ಯದಲ್ಲಿ ‘ಹ್ಯಾವ್ ವಿಸಿಟೆಡ್’ ಲೆಕ್ಕವನ್ನು ತೆರೆದಿಟ್ಟಿತು, ‘ಲಾಸ್ಟ್ ಅಕ್ಟೋಬರ್’ ಅದನ್ನು ಮುಚ್ಚಿತು. ಎರಡೂ ಒಂದೇ ವಾಕ್ಯದಲ್ಲಿ ನಿಲ್ಲಲಾರವು. ‘ಯಾವಾಗ’ ಎಂದು ಕೇಳುವ ‘ವೆನ್’ ಜೊತೆಗೂ ಈ ರೂಪ ಬಾರದಿರುವುದು ಇದೇ ಕಾರಣಕ್ಕೆ: ‘ವೆನ್ ಡಿಡ್ ಯು ಕಮ್?’ ಎಂದೇ ಕೇಳಬೇಕು.

ರೂಪದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹಿ, ಶಿ, ಇಟ್ ಮತ್ತು ಏಕವಚನದ ನಾಮಪದಗಳಿಗೆ ‘ಹ್ಯಾಸ್’, ಉಳಿದೆಲ್ಲಕ್ಕೆ ‘ಹ್ಯಾವ್’. ಅದರ ಮುಂದೆ ಕ್ರಿಯಾಪದದ ಮೂರನೆಯ ರೂಪ. ‘ಹ್ಯಾಸ್ ವೆಂಟ್’, ‘ಹ್ಯಾವ್ ರೋಟ್’ ಎಂದು ಎರಡನೆಯ ರೂಪವನ್ನು ಇಡುವವರು ಬಹಳ ಮಂದಿ. ಅಲ್ಲಿ ‘ಗಾನ್’, ‘ರಿಟನ್’ ಬರಬೇಕು. ಮಗಳಿಗೆ ಇದನ್ನು ಪಟ್ಟಿಯಾಗಿ ಕಲಿಸುವ ಮೊದಲು ನಮ್ಮ ಭಾಷೆಯಲ್ಲಿಯೇ ತೋರಿಸಿ. ‘ಕುಯ್ದಿದ್ದೇವೆ’ ಎಂಬುದು ‘ಕುಯ್ದು’ ಮತ್ತು ‘ಇದ್ದೇವೆ’ ಎಂಬ ಎರಡು ಮಾತುಗಳ ಕೂಡಿಕೆ. ಕೆಲಸ ಹಿಂದಿನದು, ‘ಇದ್ದೇವೆ’ ಇಂದಿನದು. ನಾವು ‘ಇರು’ ಎಂಬುದನ್ನು ಬಳಸುವ ಜಾಗದಲ್ಲಿ ಇಂಗ್ಲಿಷಿನವರು ತಮ್ಮ ಬಳಿ ಹೊಂದಿರುವುದನ್ನು ಹೇಳುವ ‘ಹ್ಯಾವ್’ ಬಳಸಿದರು. ‘ವಿ ಹ್ಯಾವ್ ಪಿಕ್ಡ್ ದಿ ಅರೇಬಿಕಾ’ ಎಂದರೆ ಅರೇಬಿಕಾ ಕಾಫಿಯ ಕುಯ್ಲು ನಮ್ಮ ಕೈಯಲ್ಲಿ ಮುಗಿದ ಕೆಲಸವಾಗಿ ನಿಂತಿದೆ, ಇನ್ನು ರೋಬಸ್ಟಾಕ್ಕೆ ಆಳು ಕಳಿಸಬಹುದು ಎಂಬ ಅರ್ಥ ಅದರೊಳಗೇ ಇದೆ.

ಹಾಗಾದರೆ ಕನ್ನಡ ಎಲ್ಲಿ ಕೈಕೊಡುತ್ತದೆ? ‘ಇದ್ದೇನೆ’ ಎಂಬ ಬಾಲ ಇದ್ದರೂ ನಮ್ಮ ಭಾಷೆ ‘ಹೋದ ಅಕ್ಟೋಬರಿನಲ್ಲಿ’ ಎಂಬ ಮಾತನ್ನು ಸಹಿಸಿಕೊಳ್ಳುತ್ತದೆ, ಇಂಗ್ಲಿಷ್ ಸಹಿಸುವುದಿಲ್ಲ. ಅಷ್ಟೇ ಅಲ್ಲ, ನಾವು ಇಂಥಲ್ಲಿ ‘ಹೋಗಿದ್ದೆ’ ಎಂದೂ ಹೇಳುವುದರಿಂದ ಅದನ್ನು ‘ಐ ಹ್ಯಾಡ್ ಗಾನ್’ ಎಂದು ತಿರುಗಿಸುವವರಿದ್ದಾರೆ. ಅದೂ ತಪ್ಪು, ಅಲ್ಲಿ ‘ಐ ವೆಂಟ್’ ಸಾಕು. ಆದರೆ ನಮ್ಮ ನಿಷೇಧರೂಪ ಮಾತ್ರ ಇಂಗ್ಲಿಷಿನಷ್ಟೇ ಬಿಗಿಯಾಗಿದೆ ಎಂಬುದನ್ನು ನಾನು ಬಹಳ ಪ್ರೀತಿಯಿಂದ ಗಮನಿಸಿದ್ದೇನೆ. ಆಡುಮಾತಿನಲ್ಲಿ ‘ಬಂದಿಲ್ಲ’, ‘ಬರಲಿಲ್ಲ’ ಎರಡೂ ಬೆರೆಯುವುದುಂಟು. ಬರವಣಿಗೆಯ ಕನ್ನಡದಲ್ಲಿ ‘ಆಳುಗಳು ಇನ್ನೂ ಬಂದಿಲ್ಲ’ ಎನ್ನುತ್ತೇವೆ, ‘ಆಳುಗಳು ನಿನ್ನೆ ಬರಲಿಲ್ಲ’ ಎನ್ನುತ್ತೇವೆ. ಮೊದಲನೆಯದು ‘ಹ್ಯಾವ್ ನಾಟ್ ಕಮ್’, ಎರಡನೆಯದು ‘ಡಿಡ್ ನಾಟ್ ಕಮ್’. ಅನುಮಾನ ಬಂದಾಗ ವಾಕ್ಯವನ್ನು ಕನ್ನಡದಲ್ಲಿ ಇಲ್ಲವೆಂದು ತಿರುಗಿಸಿ ನೋಡಲು ಮಗಳಿಗೆ ಹೇಳಿ. ‘ಹೋದ ಅಕ್ಟೋಬರಿನಲ್ಲಿ ತಲಕಾವೇರಿಗೆ ಹೋಗಲಿಲ್ಲ’ ಎಂದು ಸಹಜವಾಗಿ ಬಾಯಿಗೆ ಬರುವುದರಿಂದ ಅಲ್ಲಿ ‘ಹ್ಯಾವ್’ ಬೇಡ. ‘ನಾನು ಒಮ್ಮೆಯೂ ತೀರ್ಥೋದ್ಭವ ನೋಡಿಲ್ಲ’ ಎಂಬಲ್ಲಿ ‘ನೋಡಲಿಲ್ಲ’ ಹೊಂದದಿರುವುದರಿಂದ ‘ಐ ಹ್ಯಾವ್ ನೆವರ್ ಸೀನ್’ ಬೇಕು.

ಈ ಪರೀಕ್ಷೆಗೆ ಸಿಗದ ಒಂದು ಜಾಗವಿದೆ, ಮತ್ತು ಅದು ನಿಮ್ಮ ಪತ್ರದಲ್ಲಿಯೇ ಇದೆ. ಬ್ಯಾಂಕಿಗೆ ಕೊಟ್ಟ ಅರ್ಜಿಯಲ್ಲಿ ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ 18 ಇಯರ್ಸ್’ ಎಂದು ಬರೆದುದಾಗಿ ತಿಳಿಸಿದ್ದೀರಿ. ‘ಹದಿನೆಂಟು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ’ ಎಂದು ನಾವು ವರ್ತಮಾನದಲ್ಲಿ ಹೇಳುವುದನ್ನು ಇಂಗ್ಲಿಷ್ ವರ್ತಮಾನದಲ್ಲಿ ಹೇಳುವುದಿಲ್ಲ. ಹಿಂದೆ ಆರಂಭವಾಗಿ ಇಂದಿಗೂ ನಡೆದಿರುವುದಕ್ಕೆ ‘ಹ್ಯಾವ್ ವರ್ಕ್ಡ್’ ಅಥವಾ ‘ಹ್ಯಾವ್ ಬೀನ್ ವರ್ಕಿಂಗ್’ ಬೇಕು. ಇನ್ನು ನಮ್ಮ ‘ಇಂದ’ ಪ್ರತ್ಯಯ ಒಂದೇ, ಅವರಲ್ಲಿ ಅದಕ್ಕೆ ಎರಡು ಮಾತು: ಆರಂಭದ ಬಿಂದುವಿಗೆ ‘ಸಿನ್ಸ್’, ಕಳೆದ ಅವಧಿಗೆ ‘ಫಾರ್’. ‘ಕೊಡಗು ಹ್ಯಾಸ್ ಬೀನ್ ಎ ಪಾರ್ಟ್ ಆಫ್ ದಿಸ್ ಸ್ಟೇಟ್ ಸಿನ್ಸ್ 1956’ ಎಂಬಲ್ಲಿ ವರ್ಷ ಒಂದು ಬಿಂದು. ನಿಮ್ಮ ಹದಿನೆಂಟು ವರ್ಷ ಒಂದು ಅವಧಿ, ಆದ್ದರಿಂದ ‘ಫಾರ್ 18 ಇಯರ್ಸ್’. ಆದರೆ ಕೊಡಗು ಆ ರಾಜ್ಯವನ್ನು ಸೇರಿದ ಘಟನೆಯನ್ನೇ ಹೇಳುವಾಗ, 1956ರ ನವೆಂಬರ್ 1 ಮುಗಿದ ದಿನವಾದ್ದರಿಂದ, ‘ಜಾಯಿನ್ಡ್’ ಮಾತ್ರ. ‘ಕೊಡಗು ಸೇನೆಗೆ ಅನೇಕ ಅಧಿಕಾರಿಗಳನ್ನು ಕೊಟ್ಟಿದೆ’ ಎಂಬಲ್ಲಿ ‘ಹ್ಯಾಸ್ ಗಿವನ್’ ಸರಿ, ಏಕೆಂದರೆ ಆ ಕೊಡುಗೆ ನಿಂತಿಲ್ಲ. ಕಾರ್ಯಪ್ಪನವರು 1949ರ ಜನವರಿ 15ರಂದು ಸೇನೆಯ ಮಹಾದಂಡನಾಯಕರಾದರು ಎಂಬಲ್ಲಿ ‘ಬಿಕೇಮ್’.

‘ಹೋಗಿದ್ದಾರೆ’ ಎಂಬ ಒಂದು ಮಾತಿಗೂ ಎಚ್ಚರ ಬೇಕು. ಯಜಮಾನರು ಮೈಸೂರಿಗೆ ಹೋಗಿ ಇನ್ನೂ ಮರಳದಿದ್ದರೆ ‘ಹ್ಯಾಸ್ ಗಾನ್’. ಹೋಗಿ ಬಂದಿದ್ದರೆ ‘ಹ್ಯಾಸ್ ಬೀನ್’. ತೋಟದ ಆಫೀಸಿನಲ್ಲಿ ಫೋನ್ ಎತ್ತಿ ಉತ್ತರಿಸುವ ನಿಮಗೆ ಇದು ದಿನವೂ ಉಪಯೋಗಕ್ಕೆ ಬಂದೀತು. ಅಮೆರಿಕದವರು ‘ಜಸ್ಟ್’, ‘ಆಲ್‌ರೆಡಿ’, ‘ಯೆಟ್’ ಇರುವಲ್ಲಿಯೂ ಸಾಮಾನ್ಯ ಭೂತಕಾಲವನ್ನು ಧಾರಾಳವಾಗಿ ಬಳಸುತ್ತಾರೆ, ಸಿನಿಮಾಗಳಲ್ಲಿ ಅದನ್ನು ಕೇಳಿದ ಮಗಳು ಗೊಂದಲಪಡಬೇಕಾಗಿಲ್ಲ. ಪರೀಕ್ಷೆಯಲ್ಲಿ ಬ್ರಿಟಿಷ್ ಕ್ರಮವನ್ನು ಅನುಸರಿಸಲಿ.

ಅವಳ ವಾಕ್ಯವನ್ನು ಎರಡು ಬಗೆಯಲ್ಲಿ ಸರಿಪಡಿಸಬಹುದು. ಹೋದ ತುಲಾ ಸಂಕ್ರಮಣದಂದು ಏನಾಯಿತೆಂದು ವರ್ಣಿಸಲು ಹೊರಟಿದ್ದರೆ ‘ಐ ವಿಸಿಟೆಡ್ ತಲಕಾವೇರಿ ಲಾಸ್ಟ್ ಅಕ್ಟೋಬರ್’ ಎಂದು ಬರೆಯಲಿ. ಆ ಜಾಗ ತನಗೆ ಪರಿಚಿತ, ಅದರ ಬಗ್ಗೆ ಬರೆಯಲು ತಾನು ಅರ್ಹಳು ಎಂದು ತಿಳಿಸುವುದು ಉದ್ದೇಶವಾಗಿದ್ದರೆ ‘ಲಾಸ್ಟ್ ಅಕ್ಟೋಬರ್’ ತೆಗೆದು ‘ಐ ಹ್ಯಾವ್ ವಿಸಿಟೆಡ್ ತಲಕಾವೇರಿ’ ಎಂದು ನಿಲ್ಲಿಸಲಿ. ಪ್ರಬಂಧದ ಮುಂದಿನ ಸಾಲುಗಳು ನನ್ನ ಬಳಿ ಇಲ್ಲದಿರುವುದರಿಂದ ಎರಡರಲ್ಲಿ ಯಾವುದು ಬೇಕೆಂಬುದನ್ನು ಅವಳೇ ಆರಿಸಬೇಕು.

ಸಂಪಾದಕ